ಫೋನಿನಲ್ಲಿ ಚಾಲನಾ ಪರವಾನಗಿ



ರಾಬರ್ಟ್‌ಸನ್‌ಪೇಟೆ ಬಹಳ ಬೇಗ ಏಳುವ ಊರು. ಒಂದು ಕಾಲದಲ್ಲಿ ಇಲ್ಲಿಯ ಜನ ಗಣಿಯ ಶಿಫ್ಟಿನ ವೇಳೆಗೆ ಏಳುತ್ತಿದ್ದರು. 2001ರ ಫೆಬ್ರವರಿ 28ರಂದು ಕೋಲಾರ ಚಿನ್ನದ ಗಣಿಗಳು ಮುಚ್ಚಿದ ಮೇಲೆ ಸಾವಿರಾರು ಮಂದಿ ರೈಲಿನ ವೇಳೆಗೆ ಏಳುವಂತಾಯಿತು. ಮಾರಿಕುಪ್ಪಂ, ಚಾಂಪಿಯನ್, ಊರ್ಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ರೈಲು ಹತ್ತಿ, ಬಂಗಾರಪೇಟೆಯ ಮೇಲೆ ಬೆಂಗಳೂರಿಗೆ ಹೋಗಿ, ದಿನವಿಡೀ ದುಡಿದು, ರಾತ್ರಿ ಮನೆ ಸೇರುವವರ ಊರು ಇದು.

ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಇನ್ನೂ ಕತ್ತಲು. ಅಪ್ಪನಿಗೆ ರೈಲು ತಪ್ಪಬಾರದು. ಪಿ.ಯು.ಸಿ. ಓದುತ್ತಿರುವ ಮಗ ಬೈಕು ಹೊರಗೆ ತೆಗೆಯುತ್ತಾನೆ. ಅಪ್ಪನನ್ನು ಊರ್ಗಾಂ ಸ್ಟೇಷನ್ನಿನಲ್ಲಿ ಇಳಿಸಿ, ಅದೇ ಬೈಕಿನಲ್ಲಿ ಒಬ್ಬನೇ ಹಿಂದಿರುಗುತ್ತಾನೆ. ಅವನಿಗೆ 17 ವರ್ಷ. ಕೈ ಪಳಗಿದೆ, ದಾರಿ ಗೊತ್ತಿದೆ, ಪರವಾನಗಿ ಮಾತ್ರ ಇಲ್ಲ. ಕೇಳಿದರೆ, “ಮುಂದಿನ ವರ್ಷ ಫೋನಿನಲ್ಲೇ ಡಿ.ಎಲ್. ಬಂದುಬಿಡುತ್ತದೆ, ಅಲ್ಲಿಯವರೆಗೆ ಹೇಗೋ ನಡೆಯುತ್ತದೆ” ಎನ್ನುತ್ತಾನೆ.

ಈ ಹುಡುಗ ನಿಮ್ಮ ಗೆಳೆಯನಾಗಿರಬಹುದು, ನಿಮ್ಮ ತಮ್ಮನಾಗಿರಬಹುದು, ನೀವೇ ಆಗಿರಬಹುದು. ಅವನ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ಅಪಾಯವಿದೆ. ಫೋನಿನಲ್ಲಿ ಪರವಾನಗಿ ಇಟ್ಟುಕೊಳ್ಳಬಹುದು ಎಂಬುದು ನಿಜ. ಆದರೆ ಅದು ಅಲ್ಲಿಗೆ ತಾನಾಗಿ ಬರುವುದಿಲ್ಲ. ಅದನ್ನು ಪಡೆಯುವುದು ಹೇಗೆ, ಬಳಸುವುದು ಹೇಗೆ, ಅಲ್ಲಿಯವರೆಗಿನ ಒಂದು ವರ್ಷವನ್ನು ಕಳೆಯುವುದು ಹೇಗೆ ಎಂಬುದನ್ನು ಇಂದು ನೋಡೋಣ.

ಮೊದಲು, ಪರವಾನಗಿ ಎಂದರೆ ಏನು? ನೀವೆಲ್ಲರೂ ಶಾಲೆಯಿಂದ ಟಿ.ಸಿ. ತೆಗೆದುಕೊಂಡವರು. ಟಿ.ಸಿ.ಯಲ್ಲಿರುವ ಹೆಸರು, ಜನ್ಮದಿನಾಂಕ ಎಲ್ಲಿಂದ ಬರುತ್ತವೆ? ಶಾಲೆಯ ದಾಖಲಾತಿ ರಿಜಿಸ್ಟರಿನಿಂದ. ರಿಜಿಸ್ಟರಿನಲ್ಲಿ ತಪ್ಪಿದ್ದರೆ ಟಿ.ಸಿ.ಯಲ್ಲೂ ತಪ್ಪು. ಟಿ.ಸಿ. ಕಳೆದುಹೋದರೂ ರಿಜಿಸ್ಟರ್ ಇರುತ್ತದೆ. ಚಾಲನಾ ಪರವಾನಗಿಯೂ ಹಾಗೆಯೇ. ಸಾರಿಗೆ ಇಲಾಖೆಗಳ ಪರವಾನಗಿಗಳ ರಿಜಿಸ್ಟರ್ ಈಗ ಕಂಪ್ಯೂಟರಿನಲ್ಲಿದೆ. ಅದರ ಹೆಸರು ‘ಸಾರಥಿ’. ವಾಹನಗಳ ರಿಜಿಸ್ಟರಿಗೆ ‘ವಾಹನ್’ ಎಂದು ಹೆಸರು. ಇವೆರಡನ್ನೂ ಸಿದ್ಧಪಡಿಸಿದ್ದು ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರ, ಅಂದರೆ ಎನ್.ಐ.ಸಿ. ನಿಮ್ಮ ಕೈಗೆ ಬರುವ ಸ್ಮಾರ್ಟ್ ಕಾರ್ಡು ಈ ರಿಜಿಸ್ಟರಿನ ಒಂದು ಪ್ರತಿ, ಫೋನಿನಲ್ಲಿ ಕಾಣುವುದು ಇನ್ನೊಂದು ಪ್ರತಿ.

ಆ ರಿಜಿಸ್ಟರಿನಲ್ಲಿ ನಿಮ್ಮ ಗುರುತು ಒಂದು ಸಂಖ್ಯೆ. ಅದನ್ನು ಓದಲು ಕಲಿಯಿರಿ. ಮೊದಲ ಎರಡು ಅಕ್ಷರ ರಾಜ್ಯದ್ದು; ಕರ್ನಾಟಕಕ್ಕೆ ‘ಕೆಎ’. ಮುಂದಿನ ಎರಡು ಅಂಕಿ ಸಾರಿಗೆ ಕಚೇರಿಯದು. ಕೋಲಾರಕ್ಕೆ 07, ಕೆ.ಜಿ.ಎಫ್.ಗೆ 08. ಆಮೇಲೆ ಪರವಾನಗಿ ಕೊಟ್ಟ ವರ್ಷದ ನಾಲ್ಕು ಅಂಕಿ, ಕೊನೆಗೆ ನಿಮ್ಮದೇ ಆದ ಏಳು ಅಂಕಿ. ಒಟ್ಟು 15. ಮನೆಯಲ್ಲಿ ಯಾರದಾದರೂ ಕಾರ್ಡು ಇದ್ದರೆ ತೆಗೆದು ನೋಡಿ.

ಫೋನಿನಲ್ಲಿ ತೋರಿಸಿದರೆ ಒಪ್ಪುತ್ತಾರೆಯೇ ಎಂಬ ಅನುಮಾನ ಅನೇಕರಿಗಿದೆ. ಒಪ್ಪಲೇಬೇಕು. ಸರ್ಕಾರಿ ದಾಖಲೆಗಳನ್ನು ಫೋನಿನಲ್ಲಿ ಇಟ್ಟುಕೊಳ್ಳುವ ‘ಡಿಜಿಲಾಕರ್’ ಆರಂಭವಾದದ್ದು 2015ರ ಜುಲೈ 1ರಂದು. 2016ರ ಸೆಪ್ಟೆಂಬರಿನಲ್ಲಿ ಚಾಲನಾ ಪರವಾನಗಿ ಮತ್ತು ವಾಹನದ ಆರ್.ಸಿ. ಅದರೊಳಗೆ ಬಂದವು. 2017ರಲ್ಲಿ ಮಾಹಿತಿ ತಂತ್ರಜ್ಞಾನ ಕಾಯ್ದೆಯ ನಿಯಮಗಳಿಗೆ ತಿದ್ದುಪಡಿಯಾಗಿ, ಡಿಜಿಲಾಕರ್ ಮೂಲಕ ಇಲಾಖೆಯೇ ಕೊಟ್ಟ ದಾಖಲೆ ಮೂಲ ದಾಖಲೆಗೆ ಸಮ ಎಂದಾಯಿತು. ಆಮೇಲೂ ರಸ್ತೆಯಲ್ಲಿ ಜನರಿಗೆ ತೊಂದರೆ ತಪ್ಪಲಿಲ್ಲ. ಆದ್ದರಿಂದ 2018ರ ಆಗಸ್ಟ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಎಲ್ಲ ರಾಜ್ಯಗಳಿಗೂ ಸೂಚನೆ ಕಳುಹಿಸಿತು. ಅದೇ ವರ್ಷ ನವೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳ 139ನೇ ನಿಯಮವನ್ನೇ ತಿದ್ದಿ, ದಾಖಲೆಯನ್ನು ಕಾಗದದಲ್ಲಾಗಲಿ ವಿದ್ಯುನ್ಮಾನ ರೂಪದಲ್ಲಾಗಲಿ ತೋರಿಸಬಹುದು ಎಂದು ಬರೆಯಲಾಯಿತು. 2020ರ ಅಕ್ಟೋಬರ್ 1ರಿಂದ ಇನ್ನೊಂದು ಮಾತು ಸೇರಿತು. ಪರವಾನಗಿಯನ್ನು ಅಮಾನತು ಮಾಡಿದರೆ ಅಥವಾ ರದ್ದು ಮಾಡಿದರೆ ಆ ವಿವರ ಕಂಪ್ಯೂಟರಿನಲ್ಲೇ ದಾಖಲಾಗುತ್ತದೆ.

ಈ ಕೊನೆಯ ಮಾತನ್ನು ಗಮನಿಸಿ. ಅಮಾನತಾದ ಪರವಾನಗಿಯ ಹಳೆಯ ಕಾರ್ಡನ್ನೋ ಅದರ ಫೋಟೋವನ್ನೋ ತೋರಿಸಿ ಪಾರಾಗುವುದು ಈಗ ಸುಲಭವಲ್ಲ. ಅಧಿಕಾರಿ ಪರಿಶೀಲಿಸುವುದು ರಿಜಿಸ್ಟರನ್ನು.

ಈಗ, ರಿಜಿಸ್ಟರಿನಲ್ಲಿ ನಿಮ್ಮ ಹೆಸರು ಸೇರುವ ಬಗೆ. ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಬೈಕಿಗೂ ಕಾರಿಗೂ 18 ವರ್ಷ ತುಂಬಿರಬೇಕು. 16ಕ್ಕೇ ಸ್ಕೂಟರ್ ಓಡಿಸಬಹುದಂತೆ ಎಂದು ಕೆಲವರು ವಾದಿಸುತ್ತಾರೆ. ಆ ವಿನಾಯಿತಿ ಇರುವುದು 50 ಸಿ.ಸಿ.ಗೆ ಮೀರದ ಎಂಜಿನ್ನಿನ ಗಾಡಿಗೆ ಮಾತ್ರ. ಇಂದು ನಮ್ಮ ಮನೆಗಳಲ್ಲಿರುವ ಗೇರಿಲ್ಲದ ಸ್ಕೂಟರುಗಳು ಸಾಮಾನ್ಯವಾಗಿ 100 ಸಿ.ಸಿ. ಮೀರಿದವು, ಅವು ಈ ವಿನಾಯಿತಿಗೆ ಬರುವುದಿಲ್ಲ. ವಿದ್ಯುತ್ ಸ್ಕೂಟರುಗಳ ವಿಷಯದಲ್ಲೂ ಇದೇ ಗೊಂದಲವಿದೆ. ಗಂಟೆಗೆ 25 ಕಿಲೋಮೀಟರಿಗಿಂತ ವೇಗವಾಗಿ ಹೋಗದ, 250 ವಾಟ್‌ಗಿಂತ ಕಡಿಮೆ ಶಕ್ತಿಯ ಗಾಡಿಗಳಿಗೆ ಮಾತ್ರ ಪರವಾನಗಿ ಬೇಡ. ಉಳಿದ ವಿದ್ಯುತ್ ಸ್ಕೂಟರುಗಳಿಗೆ ಪೆಟ್ರೋಲ್ ಗಾಡಿಯಂತೆಯೇ ಬೇಕು.

18 ತುಂಬಿದ ಮೇಲೆ ಮೊದಲ ಮೆಟ್ಟಿಲು ಕಲಿಕಾ ಪರವಾನಗಿ. ಜನರ ಬಾಯಲ್ಲಿ ಅದು ಎಲ್.ಎಲ್.ಆರ್. ಸಾರಿಗೆ ಇಲಾಖೆಯ ‘ಪರಿವಾಹನ್’ ಜಾಲತಾಣದ ಸಾರಥಿ ವಿಭಾಗದಲ್ಲಿ ಅರ್ಜಿ ಹಾಕಬೇಕು. ರಸ್ತೆಯ ಚಿಹ್ನೆಗಳು ಮತ್ತು ನಿಯಮಗಳ ಮೇಲೆ ಒಂದು ಸಣ್ಣ ಪರೀಕ್ಷೆ ಇರುತ್ತದೆ. ಶೇಕಡ 60ರಷ್ಟು ಉತ್ತರ ಸರಿಯಿರಬೇಕು. ಆಧಾರ್ ದೃಢೀಕರಣದೊಂದಿಗೆ ಅರ್ಜಿ ಹಾಕಿದವರಿಗೆ ಮನೆಯಿಂದಲೇ ಈ ಪರೀಕ್ಷೆ ಬರೆಯುವ ಅವಕಾಶವಿದೆ. ಅವಕಾಶವಿದೆಯೆಂದು ಯಾರೋ ಪಕ್ಕದಲ್ಲಿ ಕುಳಿತು ಉತ್ತರ ಒತ್ತಿಕೊಟ್ಟರೆ, ಆ ಚಿಹ್ನೆಗಳು ನಾಳೆ ರಸ್ತೆಯಲ್ಲಿ ಎದುರಾದಾಗ ಪಕ್ಕದಲ್ಲಿ ಆತ ಇರುವುದಿಲ್ಲ.

ಎಲ್.ಎಲ್.ಆರ್. ಆರು ತಿಂಗಳು ಊರ್ಜಿತ. ಅದು ಕಲಿಯುವುದಕ್ಕೆ ಕೊಟ್ಟ ಅನುಮತಿ. ಜೊತೆಗೆ ಪರವಾನಗಿ ಇರುವ, ಕಲಿಸುವ ವ್ಯಕ್ತಿ ಇರಬೇಕು. ಗಾಡಿಯ ಹಿಂದೆ ಮುಂದೆ ಬಿಳಿ ಹಿನ್ನೆಲೆಯಲ್ಲಿ ಕೆಂಪು ‘ಎಲ್’ ಅಕ್ಷರ ಕಾಣಬೇಕು. ಬೈಕಿನ ಹಿಂದೆ ಗೆಳೆಯರನ್ನು ಕೂರಿಸಿಕೊಂಡು ಬಂಗಾರಪೇಟೆಗೆ ಹೋಗಿಬರಲು ಎಲ್.ಎಲ್.ಆರ್. ಸಾಲದು. ಎಲ್.ಎಲ್.ಆರ್. ಸಿಕ್ಕಿ 30 ದಿನ ಕಳೆದ ಮೇಲೆ ಚಾಲನಾ ಪರೀಕ್ಷೆಗೆ ಹೋಗಬಹುದು. ಆ ದಿನ ನೀವೇ ಗಾಡಿಯೊಂದಿಗೆ ಹೋಗಿ ಓಡಿಸಿ ತೋರಿಸಬೇಕು. ಕೇಂದ್ರ ನಿಯಮದಂತೆ ಕಲಿಕಾ ಪರವಾನಗಿಗೆ 150 ರೂಪಾಯಿ, ಅದರ ಪರೀಕ್ಷೆಗೆ 50, ಚಾಲನಾ ಪರೀಕ್ಷೆಗೆ ಒಂದೊಂದು ವರ್ಗದ ವಾಹನಕ್ಕೆ 300, ಪರವಾನಗಿಗೆ 200. ಇದರ ಮೇಲೆ ಕಾರ್ಡು, ಸೇವೆ ಇತ್ಯಾದಿ ಶುಲ್ಕಗಳು ಸೇರಬಹುದು. ಬ್ರೋಕರು ಕೇಳುವ ಮೊತ್ತವನ್ನು ಇದರ ಪಕ್ಕದಲ್ಲಿಟ್ಟು ನೋಡಿ.

ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಮಂಜೂರಾದರೆ ನಿಮ್ಮ ಹೆಸರು ರಿಜಿಸ್ಟರಿನಲ್ಲಿ ಸೇರಿತು. ಇನ್ನು ಅದನ್ನು ಫೋನಿಗೆ ತರುವ ಕೆಲಸ ಸುಲಭ. ಡಿಜಿಲಾಕರ್ ಆ್ಯಪ್ ಹಾಕಿಕೊಂಡು, ಮೊಬೈಲ್ ಸಂಖ್ಯೆ ಮತ್ತು ಆಧಾರ್ ಮೂಲಕ ಖಾತೆ ತೆರೆಯಿರಿ. ಆರು ಅಂಕಿಯ ಒಂದು ಪಿನ್ ಇಟ್ಟುಕೊಳ್ಳಬೇಕು. ಹುಟ್ಟಿದ ತಾರೀಖನ್ನೇ ಪಿನ್ ಮಾಡಬೇಡಿ. ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯದ ಹೆಸರಿನಡಿ ಚಾಲನಾ ಪರವಾನಗಿಯನ್ನು ಆರಿಸಿ, 15 ಅಂಕಿ-ಅಕ್ಷರಗಳ ಸಂಖ್ಯೆಯನ್ನು ಕೊಟ್ಟರೆ, ಪರವಾನಗಿ ಕ್ಯೂಆರ್ ಕೋಡಿನೊಂದಿಗೆ ನಿಮ್ಮ ಖಾತೆಗೆ ಬರುತ್ತದೆ. ‘ಎಂ-ಪರಿವಾಹನ್’ ಎಂಬ ಸರ್ಕಾರಿ ಆ್ಯಪಿನಲ್ಲೂ ಪರವಾನಗಿ ಸಂಖ್ಯೆ ಮತ್ತು ಜನ್ಮದಿನಾಂಕ ಕೊಟ್ಟು ಇದನ್ನು ಸೇರಿಸಿಕೊಳ್ಳಬಹುದು.

ಇಷ್ಟು ಸುಲಭವಾದ ಕೆಲಸದಲ್ಲಿ ಜನ ಎಲ್ಲಿ ಎಡವುತ್ತಾರೆ? ಮೂರು ಕಡೆ.

ಮೊದಲನೆಯದು ಹೆಸರು. ಡಿಜಿಲಾಕರ್ ನಿಮ್ಮ ಆಧಾರ್‌ನಲ್ಲಿರುವ ಹೆಸರನ್ನೂ ಪರವಾನಗಿಯಲ್ಲಿರುವ ಹೆಸರನ್ನೂ ಹೋಲಿಸಿ ನೋಡುತ್ತದೆ. ತಾಳೆಯಾಗದಿದ್ದರೆ ದಾಖಲೆ ಕೊಡುವುದಿಲ್ಲ. ನಮ್ಮ ಭಾಗದಲ್ಲಿ ಇದು ದೊಡ್ಡ ತೊಡಕು. ಕೆ.ಜಿ.ಎಫ್.ನಲ್ಲಿ ಕನ್ನಡ, ತಮಿಳು, ತೆಲುಗು, ಉರ್ದು ನಾಲ್ಕೂ ಮನೆಮಾತು. ಒಂದೇ ಹೆಸರು ಇಂಗ್ಲಿಷಿನಲ್ಲಿ ಬರೆದಾಗ ಮನೆಗೊಂದು ಕಾಗುಣಿತ. ಮನೆತನದ ಹೆಸರಿನ ರೂಢಿ ಕಡಿಮೆ, ಇನಿಷಿಯಲ್ ರೂಢಿ ಹೆಚ್ಚು. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಇನಿಷಿಯಲ್ ಕೊನೆಗೆ ಬಂದಿರುತ್ತದೆ; ಆಧಾರ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿಕೊಂಡು ಅಪ್ಪನ ಪೂರ್ತಿ ಹೆಸರಾಗಿರುತ್ತದೆ; ಬ್ಯಾಂಕಿನ ಪಾಸ್ ಪುಸ್ತಕದಲ್ಲಿ ಇನಿಷಿಯಲ್ಲೇ ಇರುವುದಿಲ್ಲ. ಮನುಷ್ಯ ನೋಡಿದರೆ ಒಬ್ಬನೇ ಎಂದು ತಿಳಿಯುತ್ತದೆ. ಕಂಪ್ಯೂಟರಿಗೆ ಮೂವರು. ಆದ್ದರಿಂದ ಪರವಾನಗಿಗೆ ಅರ್ಜಿ ಹಾಕುವ ಮೊದಲೇ ಅಂಕಪಟ್ಟಿಯನ್ನೂ ಆಧಾರನ್ನೂ ಪಕ್ಕಪಕ್ಕದಲ್ಲಿಟ್ಟು ಅಕ್ಷರ ಅಕ್ಷರ ನೋಡಿ. ತಿದ್ದುಪಡಿ ಬೇಕಿದ್ದರೆ ಈಗಲೇ ಮಾಡಿಸಿ. ಆಧಾರ್‌ನಲ್ಲಿ ಹೆಸರನ್ನು ಎರಡು ಸಲ, ಜನ್ಮದಿನಾಂಕವನ್ನು ಒಂದೇ ಸಲ ತಿದ್ದಲು ಅವಕಾಶ. ಆತುರದಲ್ಲಿ ಆ ಅವಕಾಶಗಳನ್ನು ಕಳೆದುಕೊಳ್ಳಬೇಡಿ.

ಎರಡನೆಯದು ಮೊಬೈಲ್ ಸಂಖ್ಯೆ. ನಿಮ್ಮಲ್ಲಿ ಅನೇಕರ ಆಧಾರ್‌ಗೆ ಅಪ್ಪನ ಸಂಖ್ಯೆ ಜೋಡಿಸಿರುತ್ತದೆ. ಒ.ಟಿ.ಪಿ. ಅಲ್ಲಿಗೆ ಹೋಗುತ್ತದೆ, ಅಪ್ಪ ಬೆಂಗಳೂರಿನಲ್ಲಿ ಕೆಲಸದಲ್ಲಿರುತ್ತಾರೆ. ಇನ್ನು ಕೆಲವರ ಆಧಾರ್‌ನಲ್ಲಿರುವುದು ಎಂದೋ ರದ್ದಾದ ಸಿಮ್ಮಿನ ಸಂಖ್ಯೆ. ಅದು ಈಗ ಬೇರೆ ಯಾರ ಕೈಯಲ್ಲಿದೆಯೋ! ಈಗಿನ ನಿಯಮದಂತೆ 18ರ ವಯಸ್ಸಿನಲ್ಲಿ ಪಡೆದ ಪರವಾನಗಿ ನಿಮಗೆ 40 ವರ್ಷ ತುಂಬುವವರೆಗೆ ಊರ್ಜಿತ. ಅಷ್ಟು ವರ್ಷಗಳಲ್ಲಿ ಫೋನು ಎಷ್ಟೋ ಬದಲಾಗುತ್ತದೆ. ಸಂಖ್ಯೆಯನ್ನು ಮಾತ್ರ ಉಳಿಸಿಕೊಳ್ಳಿ. ಬದಲಾಯಿಸಿದರೆ ಆಧಾರ್‌ನಲ್ಲೂ ಸಾರಥಿಯಲ್ಲೂ ಬದಲಾಯಿಸಿ.

ಮೂರನೆಯದು ಹಿರಿಯರ ಹಳೆಯ ಪರವಾನಗಿ. ಪುಸ್ತಕದ ರೂಪದಲ್ಲಿ, ಕೈಬರಹದಲ್ಲಿ ಕೊಟ್ಟ ಪರವಾನಗಿಗಳಲ್ಲಿ ಕೆಲವು ಕಂಪ್ಯೂಟರಿಗೆ ಏರಿಯೇ ಇಲ್ಲ. ಅವನ್ನು ಡಿಜಿಲಾಕರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ಆ ಪುಸ್ತಕವನ್ನು ಕೊಟ್ಟ ಸಾರಿಗೆ ಕಚೇರಿಗೇ ಒಯ್ದು, ಹಳೆಯ ದಾಖಲೆಯನ್ನು ಸಾರಥಿಯಲ್ಲಿ ನಮೂದಿಸಿಕೊಡಲು ಕೇಳಬೇಕು. ನಿಮ್ಮ ತಾತನಿಗೋ ಅಪ್ಪನಿಗೋ ಈ ವಿಷಯ ಗೊತ್ತಿರಲಿಕ್ಕಿಲ್ಲ. ನೀವು ಹೇಳಿ, ಜೊತೆಗೆ ಹೋಗಿಬನ್ನಿ.

ಇನ್ನು ಬಳಸುವ ಕ್ರಮ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದಾಗ ಪರವಾನಗಿ ತೋರಿಸಬೇಕಾದದ್ದು ಚಾಲಕನ ಕರ್ತವ್ಯ. ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆರಿಸಿ, ಆಮೇಲೆ ಫೋನು ತೆಗೆಯಿರಿ. ಓಡಿಸುತ್ತ ಫೋನು ಕೈಯಲ್ಲಿ ಹಿಡಿದು ಮಾತಾಡುವುದು ಅಪಾಯಕಾರಿ ಚಾಲನೆಯೆಂದು ಕಾಯ್ದೆ ಹೇಳುತ್ತದೆ, ಅದಕ್ಕೆ ದಂಡವಿದೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್ ತೆರೆದು ಅಲ್ಲಿಂದಲೇ ತೋರಿಸಿ. ಅಧಿಕಾರಿ ಕ್ಯೂಆರ್ ಕೋಡನ್ನು ತಮ್ಮ ಸಾಧನದಲ್ಲಿ ಪರಿಶೀಲಿಸಬಹುದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸಬೇಕು. ಕಾರ್ಡಿನ ಫೋಟೋ ತೆಗೆದು ಗ್ಯಾಲರಿಯಲ್ಲಿ ಇಟ್ಟುಕೊಳ್ಳುವುದು, ವಾಟ್ಸ್‌ಆ್ಯಪ್‌ನಲ್ಲಿ ಅಣ್ಣನಿಂದ ತರಿಸಿಕೊಳ್ಳುವುದು, ಸ್ಕ್ರೀನ್‌ಶಾಟ್ ತೋರಿಸುವುದು, ಇವು ಯಾವುವೂ ಡಿಜಿಟಲ್ ಪರವಾನಗಿ ಅಲ್ಲ. ಡಿಜಿಲಾಕರಿನೊಳಗೂ ಎರಡು ಭಾಗಗಳಿವೆ. ಇಲಾಖೆಯೇ ಕೊಟ್ಟ ದಾಖಲೆಗಳು ಒಂದು ಕಡೆ, ನೀವೇ ಸ್ಕ್ಯಾನ್ ಮಾಡಿ ಏರಿಸಿದವು ಇನ್ನೊಂದು ಕಡೆ. ಕಾನೂನಿನ ಬೆಲೆ ಇರುವುದು ಇಲಾಖೆ ಕೊಟ್ಟದ್ದಕ್ಕೆ. ನೀವು ಏರಿಸಿದ್ದು ಝೆರಾಕ್ಸ್ ಪ್ರತಿಗೆ ಸಮಾನ.

ಕೆ.ಜಿ.ಎಫ್. ಗಡಿನಾಡು. ನೆಂಟರ ಮನೆಗೆಂದು ಆಂಧ್ರದ ವಿ.ಕೋಟೆಗೋ ಕುಪ್ಪಂಗೋ ಹೋಗುವುದು ಇಲ್ಲಿ ವಿಶೇಷವೇನಲ್ಲ, ತಮಿಳುನಾಡೂ ದೂರವಿಲ್ಲ. ಕರ್ನಾಟಕದಲ್ಲಿ ಪಡೆದ ಪರವಾನಗಿ ಭಾರತದಲ್ಲೆಲ್ಲ ನಡೆಯುತ್ತದೆ, ಫೋನಿನಲ್ಲಿರುವುದೂ ಹಾಗೆಯೇ. ಆದರೆ ದಾರಿಯಲ್ಲಿ ನೆಟ್‌ವರ್ಕ್ ಸಿಗದಿರಬಹುದು, ಫೋನಿನ ಚಾರ್ಜ್ ಮುಗಿಯಬಹುದು. ಫೋನು ಸತ್ತಿದೆ ಎಂಬುದು ಪರವಾನಗಿ ತೋರಿಸಿದ್ದಕ್ಕೆ ಸಮವಾಗದು. ಹೊರಡುವ ಮೊದಲು ಒಮ್ಮೆ ತೆರೆದು ನೋಡಿ. ದೂರ ಹೋಗುವಾಗ ಸ್ಮಾರ್ಟ್ ಕಾರ್ಡೂ ಚೀಲದಲ್ಲಿರಲಿ.

ಗುರುತಿನ ದಾಖಲೆಯ ಪ್ರಶ್ನೆ ಈ ಊರಿಗೆ ಹೊಸದಲ್ಲ. 1930ರಲ್ಲಿ ಇಲ್ಲಿಯ ಗಣಿ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದಾಗ, ಬೆರಳಚ್ಚು ಕೊಟ್ಟು ಹೆಸರು ನೋಂದಾಯಿಸಬೇಕೆಂಬ ಕಟ್ಟಳೆ ಅದರ ಕಾರಣಗಳಲ್ಲಿ ಒಂದಾಗಿತ್ತು. ನಮ್ಮ ಗುರುತು ಯಾರ ಕೈಯಲ್ಲಿರುತ್ತದೆ, ಅದನ್ನು ಯಾರು ಹೇಗೆ ಬಳಸುತ್ತಾರೆ ಎಂದು ಅವರು ಕೇಳಿದ್ದರು. ಆ ಪ್ರಶ್ನೆಯನ್ನು ನೀವೂ ಕೇಳಬೇಕು. ಡಿಜಿಲಾಕರಿನಲ್ಲಿ ನಿಮ್ಮ ಪರವಾನಗಿ ಮಾತ್ರವಲ್ಲ, ಆಧಾರ್, ಅಂಕಪಟ್ಟಿಗಳೂ ಇರುತ್ತವೆ. ಸೈಬರ್ ಸೆಂಟರಿನಲ್ಲಿ ಖಾತೆ ತೆರೆಸಿ ಪಿನ್ ಅನ್ನು ಅವರ ಪುಸ್ತಕದಲ್ಲೇ ಬರೆಸಿ ಬರಬೇಡಿ. ಒ.ಟಿ.ಪಿ.ಯನ್ನು ಫೋನಿನಲ್ಲಿ ಕೇಳಿದವರಿಗೆ ಹೇಳಬೇಡಿ. “ನಿಮ್ಮ ಗಾಡಿಗೆ ದಂಡ ಬಿದ್ದಿದೆ, ಈ ಫೈಲ್ ತೆರೆದು ನೋಡಿ” ಎಂದು ವಾಟ್ಸ್‌ಆ್ಯಪ್‌ನಲ್ಲಿ ಬರುವ ಆ್ಯಪನ್ನು ಒತ್ತಬೇಡಿ. ಹೀಗೆ ಸಾರಿಗೆ ಇಲಾಖೆಯ ಹೆಸರಿನಲ್ಲಿ ಬ್ಯಾಂಕ್ ಖಾತೆ ಬರಿದು ಮಾಡುವವರಿದ್ದಾರೆ. ಆ್ಯಪನ್ನು ಫೋನಿನ ಅಧಿಕೃತ ಅಂಗಡಿಯಿಂದಲೇ ಹಾಕಿಕೊಳ್ಳಿ.

ಈಗ ಊರ್ಗಾಂ ಸ್ಟೇಷನ್ನಿನಿಂದ ಹಿಂದಿರುಗುತ್ತಿರುವ ನಮ್ಮ ಹುಡುಗನ ಬಳಿಗೆ ಬರೋಣ. ಒಂದು ಬೆಳಿಗ್ಗೆ ಅವನನ್ನು ತಡೆದು ನಿಲ್ಲಿಸಿದರೆಂದು ಇಟ್ಟುಕೊಳ್ಳಿ. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯ ಪ್ರಕಾರ, ಅಪ್ರಾಪ್ತ ವಯಸ್ಕ ಅಪರಾಧ ಮಾಡಿದರೆ ಪೋಷಕ ಅಥವಾ ವಾಹನದ ಮಾಲೀಕನೇ ತಪ್ಪಿತಸ್ಥ. ಶಿಕ್ಷೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷಗಳವರೆಗಿನ ಸೆರೆವಾಸ. ಬೈಕಿನ ನೋಂದಣಿ 12 ತಿಂಗಳು ರದ್ದು. ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಕಲಿಕಾ ಪರವಾನಗಿಯೂ ಇಲ್ಲ. ಒಂದು ವರ್ಷ ಕಾಯಲಾರದವನು ಎಂಟು ವರ್ಷ ಕಾಯಬೇಕು. ಇಪ್ಪತ್ತೆರಡರಲ್ಲಿ ಡಿಗ್ರಿ ಮುಗಿಸಿ ಕೆಲಸ ಹುಡುಕುವಾಗ, “ಗಾಡಿ ಲೈಸೆನ್ಸ್ ಇದೆಯೇ?” ಎಂದು ಕೇಳಿದರೆ ಅವನು ಏನು ಹೇಳಬೇಕು?

ಅಪಘಾತವಾದರೆ ಇನ್ನೂ ಕಷ್ಟ. ಪರವಾನಗಿ ಇಲ್ಲದವರು ಓಡಿಸುತ್ತಿದ್ದ ಗಾಡಿಯಿಂದ ಯಾರಿಗಾದರೂ ಪೆಟ್ಟಾದರೆ, ವಿಮಾ ಕಂಪನಿ ಗಾಯಗೊಂಡವರಿಗೆ ಪರಿಹಾರ ಕೊಟ್ಟು, ಆ ಹಣವನ್ನು ಗಾಡಿಯ ಮಾಲೀಕನಿಂದ ವಸೂಲು ಮಾಡಿಕೊಳ್ಳಲು ಅವಕಾಶವಿದೆ. ಸರ್ವೋಚ್ಚ ನ್ಯಾಯಾಲಯ 2004ರಲ್ಲೇ ಈ ಮಾತನ್ನು ಸ್ಪಷ್ಟಪಡಿಸಿದೆ. ದಿನಾ ರೈಲು ಹಿಡಿದು ದುಡಿಯುವ ಒಬ್ಬ ತಂದೆಗೆ ಅದು ಜೀವಮಾನದ ಸಾಲ.

ಹಾಗಾದರೆ ಆ ಹುಡುಗ ಏನು ಮಾಡಬೇಕು? ಅಪ್ಪನೇ ಬೈಕು ಓಡಿಸಿಕೊಂಡು ಹೋಗಿ ಸ್ಟೇಷನ್ನಿನ ಹತ್ತಿರದ ಸ್ಟ್ಯಾಂಡಿನಲ್ಲಿ ನಿಲ್ಲಿಸಲಿ. ಅಲ್ಲಿ ಕೊಡುವ ನಾಲ್ಕು ಕಾಸು ದಂಡದ ಮುಂದೆ ಏನೂ ಅಲ್ಲ. ಹುಡುಗನಿಗೆ ಸೈಕಲ್ ಇದೆ. ಅದಕ್ಕೆ ಯಾವ ಪರವಾನಗಿಯೂ ಬೇಡ. ಈ ಒಂದು ವರ್ಷದಲ್ಲಿ ಅವನಿಗೆ ಬೇರೆ ಕೆಲಸಗಳಿವೆ. ಆಧಾರ್‌ನಲ್ಲಿ ಹೆಸರು ಸರಿಮಾಡಿಸುವುದು, ತನ್ನ ಮೊಬೈಲ್ ಸಂಖ್ಯೆ ಜೋಡಿಸುವುದು, ರಸ್ತೆಯ ಚಿಹ್ನೆಗಳನ್ನು ಕಲಿಯುವುದು, ಅಪ್ಪನ ಪರವಾನಗಿಯನ್ನು ಅಪ್ಪನ ಫೋನಿಗೆ ತಂದುಕೊಡುವುದು. ಈ ಕೊನೆಯ ಕೆಲಸವನ್ನು ಈ ಭಾನುವಾರವೇ ಮಾಡಬಹುದು. ಅದರ ಊರ್ಜಿತದ ದಿನಾಂಕ ಯಾವಾಗ ಮುಗಿಯುತ್ತದೆಂದೂ ನೋಡಿ ಹೇಳಬಹುದು. ಎಷ್ಟೋ ಹಿರಿಯರು ಅವಧಿ ಮೀರಿದ ಕಾರ್ಡನ್ನು ತಿಳಿಯದೆ ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿರುತ್ತಾರೆ.

18 ತುಂಬಿದ ಮೇಲೆ ಅವನು ಎಲ್.ಎಲ್.ಆರ್.ಗೆ ಅರ್ಜಿ ಹಾಕುತ್ತಾನೆ. ಅಪ್ಪ ಹಿಂದೆ ಕುಳಿತು ಕಲಿಸುತ್ತಾರೆ. ಪರೀಕ್ಷೆಯ ದಿನ ಅವನೇ ಓಡಿಸಿ ತೋರಿಸುತ್ತಾನೆ. ಆಮೇಲೆ ಒಂದು ಬೆಳಿಗ್ಗೆ, ಅದೇ ಕತ್ತಲಲ್ಲಿ, ಅಪ್ಪನನ್ನು ಸ್ಟೇಷನ್ನಿನಲ್ಲಿ ಇಳಿಸಿ ಹಿಂದಿರುಗುವಾಗ ಯಾರಾದರೂ ಕೈ ಅಡ್ಡ ಹಿಡಿದರೆ, ಅವನು ಗಾಡಿ ನಿಲ್ಲಿಸಿ, ಫೋನು ತೆಗೆದು, ನೆಮ್ಮದಿಯಿಂದ ತೋರಿಸುತ್ತಾನೆ.

ಮಿತ್ರರೇ, ಆ ನೆಮ್ಮದಿ ನಿಮ್ಮದಾಗಲಿ.